ಪಾದರಸ: ಗುಣಗಳು ಮತ್ತು ಎಚ್ಚರಿಕೆ

ಜ್ವರ ನೋಡುವ ಹಳೆಯ ಥರ್ಮಾಮೀಟರು, ಉಗ್ರಾಣದ ಮೂಲೆಯಲ್ಲಿ ಉಳಿದ ಹಳೆಯ ಬೀಜೋಪಚಾರದ ಔಷಧಿ – ನಮ್ಮ ತೋಟದ ಮನೆಗಳಲ್ಲಿ ಪಾದರಸ ಇನ್ನೂ ಇರಬಹುದಾದ ಸ್ಥಳಗಳಿವು. ಆದುದರಿಂದ ಅದರ ಗುಣಗಳನ್ನು ಸದಸ್ಯರ ಮುಂದಿಡುತ್ತಿದ್ದೇವೆ.

ಪಾದರಸವು ಒಂದು ಮೂಲವಸ್ತು. ಪರಮಾಣು ಸಂಖ್ಯೆ 80. 25 ಡಿಗ್ರಿ ಸೆಂಟಿಗ್ರೇಡಿನಲ್ಲಿ ದ್ರವವಾಗಿರುವ ಲೋಹ ಇದೊಂದೇ. ಗಟ್ಟಿಯಾಗಬೇಕಾದರೆ ಸೊನ್ನೆಗಿಂತ ಸುಮಾರು 39 ಡಿಗ್ರಿ ಕೆಳಗಿಳಿಯಬೇಕು. ಕುದಿಯಲು ಸುಮಾರು 357 ಡಿಗ್ರಿ ಬೇಕು. ಒಂದು ಲೀಟರಿನ ತೂಕ ಸುಮಾರು ಹದಿಮೂರೂವರೆ ಕಿಲೋ. ಕಬ್ಬಿಣದ ಮೊಳೆ ಅದರ ಮೇಲೆ ತೇಲುತ್ತದೆ. ಶಾಖಕ್ಕೆ ಒಂದೇ ಸಮನೆ ಹಿಗ್ಗುತ್ತದೆ, ಗಾಜಿಗೆ ಅಂಟುವುದಿಲ್ಲ. ಅದಕ್ಕೇ ಥರ್ಮಾಮೀಟರಿನಲ್ಲಿ ಬಳಕೆಗೆ ಬಂತು. ಚಿನ್ನವನ್ನು ಮಾತ್ರ ಕೂಡಲೇ ಹಿಡಿದು ಬೆಳ್ಳಗೆ ಮಾಡುತ್ತದೆ.

ಕುದಿಯದಿದ್ದರೂ, ಅಂಗಳದ ನೀರು ಆರುವಂತೆ, ಪಾದರಸ ನಿಧಾನವಾಗಿ ಆವಿಯಾಗುತ್ತಿರುತ್ತದೆ. ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನೊಡನೆ ರಕ್ತಕ್ಕೆ ಸೇರಿ ನರಗಳಿಗೂ ಮೂತ್ರಪಿಂಡಗಳಿಗೂ ಹಾನಿ ಮಾಡುತ್ತದೆ. ಥರ್ಮಾಮೀಟರು ಒಡೆದರೆ ಪೊರಕೆಯಿಂದ ಗುಡಿಸಬಾರದು. ಹನಿ ಚೂರುಚೂರಾದಷ್ಟೂ ಆವಿ ಹೆಚ್ಚು. ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿ ತೆರೆದು, ಉಂಗುರ ಬಳೆ ತೆಗೆದಿಟ್ಟು, ದಪ್ಪ ಕಾಗದದಿಂದ ಹನಿಗಳನ್ನು ಕೂಡಿಸಿ ಬಿಗಿ ಮುಚ್ಚಳದ ಬಾಟಲಿಗೆ ತುಂಬಬೇಕು. ಒಲೆಗಾಗಲಿ ಬಚ್ಚಲಿಗಾಗಲಿ ಹಾಕಬಾರದು.

ಇನ್ನು ಔಷಧಿಯ ಮಾತು. ತಾಮ್ರದ ಕೊಡದಲ್ಲಿರುವುದೂ ಮೈಲುತುತ್ತದಲ್ಲಿರುವುದೂ ತಾಮ್ರವೇ, ಆದರೆ ಗುಣ ಬೇರೆ. ಹಾಗೆಯೇ ಇಂಗಾಲದೊಡನೆ ಕೂಡಿದ ಪಾದರಸದ ನಡತೆಯೂ ಬೇರೆ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯ ನೀರಿನೊಡನೆ ಸಮುದ್ರಕ್ಕೆ ಹೋದ ಇಂಥ ಸಂಯುಕ್ತವೊಂದು ಮೀನಿನಲ್ಲಿ ಸಂಗ್ರಹವಾಗಿ, ತಿಂದವರ ನರಮಂಡಲವನ್ನೇ ಕೆಡಿಸಿತು. ಆ ರೋಗ ಬೆಳಕಿಗೆ ಬಂದದ್ದು 1956ರಲ್ಲಿ. ನಮ್ಮಲ್ಲಿ ಬೀಜಗಳಿಗೆ ಬಳಸುತ್ತಿದ್ದ ಮೆಥಾಕ್ಸಿ ಈಥೈಲ್ ಮರ್ಕ್ಯುರಿ ಕ್ಲೋರೈಡ್ ಎಂಬ ಶಿಲೀಂಧ್ರನಾಶಕವನ್ನು ಕೇಂದ್ರ ಸರ್ಕಾರ 2018ರಲ್ಲಿ ನಿಷೇಧಿಸಿತು. ಅದರ ಹಳೆಯ ಡಬ್ಬಿ ಕಂಡರೆ ತೆರೆಯಬೇಡಿ, ತೋಟದಲ್ಲಿ ಹೂಳಬೇಡಿ, ಹಳ್ಳಕ್ಕೆ ಎಸೆಯಬೇಡಿ. ಬೀಗ ಹಾಕಿಟ್ಟು ಕೃಷಿ ಇಲಾಖೆಯ ಅಧಿಕಾರಿಗಳನ್ನು ವಿಚಾರಿಸಿ.

ಮೂಲವಸ್ತು ಎಂಬ ಮಾತಿನ ಅರ್ಥವನ್ನು ಮರೆಯಬಾರದು. ಎಷ್ಟೋ ವಿಷಗಳು ಮಣ್ಣಿನಲ್ಲಿ ಕಾಲಕ್ರಮೇಣ ಒಡೆದು ನಿರಪಾಯವಾಗುತ್ತವೆ. ಪಾದರಸ ಹಾಗಲ್ಲ. ಸುಟ್ಟರೆ ಗಾಳಿಗೆ, ಹೂತರೆ ಮಣ್ಣಿಗೆ, ಚೆಲ್ಲಿದರೆ ಹಳ್ಳದ ಮೀನಿಗೆ; ರೂಪ ಬದಲಿಸಿ ಜಾಗ ಬದಲಿಸುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.