ಬಳೆ ಅಡವು ಇಡುವ ಮೊದಲು

ಜೂನ್ ಕೊನೆಯ ವಾರ. ಅಸರ್ ನಮಾಝ್ ಮುಗಿಸಿ ಬರುವಾಗ ಮದ್ರಸದ ಮೆಟ್ಟಿಲ ಬಳಿ ಕೊಡೆ ಮಡಚಿ ಹಿಡಿದುಕೊಂಡು ಒಬ್ಬರು ತಾಯಿ ನಿಂತಿದ್ದರು. ಅವರ ಮಗಳು ನಮ್ಮಲ್ಲಿ ಏಳನೇ ತರಗತಿವರೆಗೆ ಕಲಿತವಳು, ಈಗ ಬಿಸಿಎ ಎರಡನೇ ವರ್ಷ. “ಉಸ್ತಾದ್, ಅವಳಿಗೆ ಎಪ್ಪತ್ತು ಸಾವಿರದ ಲ್ಯಾಪ್‌ಟಾಪ್ ಬೇಕಂತೆ. ಅವಳ ತಂದೆಗೆ ದಮ್ಮಾಮಿನಲ್ಲಿ ಮೂರು ತಿಂಗಳಿಂದ ಸಂಬಳ ಸರಿ ಇಲ್ಲ. ನನ್ನ ಹತ್ತಿರ ಎರಡು ಬಳೆ ಉಂಟು. ಅಡವು ಇಡುವುದಾ ಬೇಡವಾ?”

ಅವರು ಕೇಳಲು ಬಂದದ್ದು ಬಡ್ಡಿಯ ವಿಷಯ. ಅದಕ್ಕೆ ನಮ್ಮಲ್ಲಿ ಉತ್ತರ ಇತ್ತು. ಆದರೆ ಎಪ್ಪತ್ತು ಸಾವಿರದ ಲ್ಯಾಪ್‌ಟಾಪ್ ನಿಜಕ್ಕೂ ಬೇಕಾ ಎಂಬುದಕ್ಕೆ ಇರಲಿಲ್ಲ. ಪಿಯುಸಿ ಮುಗಿಸಿ ಕಿತಾಬಿನ ಕಡೆ ಹೋದವರು ನಾವು. ಮಗಳನ್ನು ಕಳುಹಿಸಿ ಎಂದೆವು.

ಮರುದಿನ ಮಗಳು ಉಮ್ಮನ ಜೊತೆ ಬಂದಳು. ಕಾಲೇಜಿನಲ್ಲಿ ವಾರಕ್ಕೆ ಎರಡು ಸಲ ಲ್ಯಾಬ್. ಒಂದು ಕಂಪ್ಯೂಟರಿಗೆ ಇಬ್ಬರು, ಒಮ್ಮೊಮ್ಮೆ ಮೂವರು. ಕೀಬೋರ್ಡ್ ಹತ್ತಿರ ಕೂತವರು ಕಲಿಯುತ್ತಾರೆ, ಪಕ್ಕದವರು ನೋಡುತ್ತಾರೆ. ನಾಲ್ಕು ಗಂಟೆಗೆ ಬಾಗಿಲು ಹಾಕುತ್ತಾರೆ, ಅವಳ ಬಸ್ ನಾಲ್ಕೂ ಹತ್ತಕ್ಕೆ. ಮನೆಯಲ್ಲಿ ಅಣ್ಣ ಬಿಟ್ಟುಹೋದ ಹಳೆ ಲ್ಯಾಪ್‌ಟಾಪ್ ಉಂಟು, ನಾಲ್ಕು ಜಿಬಿ ರ‍್ಯಾಮ್‌ನದ್ದು. ಅದರಲ್ಲಿ ಲಿನಕ್ಸ್ ಹಾಕಿಕೊಳ್ಳಲು ಹೋದರೆ ಕೂತಲ್ಲೇ ಕೂರುತ್ತದೆ, ಪೈಥಾನಿನಲ್ಲಿ ಮೆಷಿನ್ ಲರ್ನಿಂಗ್ ಪಾಠ ಮಾಡಲು ಹೋದರೆ ಫ್ಯಾನ್ ಕೂಗಲು ಶುರು ಮಾಡುತ್ತದೆ. “ಕ್ಲಾಸಿನಲ್ಲಿ ಎಲ್ಲ ಅರ್ಥ ಆಗುತ್ತದೆ ಉಸ್ತಾದ್. ಕೈಗೆ ಬರುವುದಿಲ್ಲ,” ಎಂದಳು.

ಈ ಮಾತು ನಮಗೆ ಗೊತ್ತಿರುವ ಮಾತು. ಸಬಕ್ ಕೇಳಿ ತಲೆ ಆಡಿಸಿದ ಮಗುವಿಗೂ ಅದನ್ನೇ ಮನೆಯಲ್ಲಿ ನಲವತ್ತು ಸಲ ಹೇಳಿ ಬಂದ ಮಗುವಿಗೂ ಇರುವ ವ್ಯತ್ಯಾಸ ದಿನಾ ಬೆಳಿಗ್ಗೆ ನೋಡುವವರು ನಾವು.

ನಮ್ಮ ಇನ್ನೊಬ್ಬ ಹಳೆ ವಿದ್ಯಾರ್ಥಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅಲ್ಲೇ ಫೋನ್ ಹಚ್ಚಿದೆವು. ಅವನು ಎಲ್ಲ ಕೇಳಿ ನಕ್ಕ. “ಉಸ್ತಾದ್, ಬಳೆ ಕೈಯಲ್ಲೇ ಇರಲಿ ಅಂತ ಹೇಳಿ. ಆ ಹಳೆ ಲ್ಯಾಪ್‌ಟಾಪಿನಲ್ಲಿ ಬ್ರೌಸರ್ ಸರಿಯಾಗಿ ತೆರೆಯುತ್ತದಾ, ಅದು ಮಾತ್ರ ನೋಡಲಿಕ್ಕೆ ಹೇಳಿ.”

ಕ್ಲೌಡ್ ಎಂಬ ಹೆಸರು ಕೇಳಿ ಮೊದಲು ನಾವೂ ತಬ್ಬಿಬ್ಬಾದೆವು. ವಿಷಯ ಅಷ್ಟು ಕಷ್ಟದ್ದಲ್ಲ ಮಾರಾಯ್ರೆ. ದೊಡ್ಡ ಕಟ್ಟಡಗಳಲ್ಲಿ ಸಾವಿರಾರು ಕಂಪ್ಯೂಟರುಗಳನ್ನು ಜೋಡಿಸಿ ಹಗಲೂ ರಾತ್ರಿ ಓಡಿಸುತ್ತಾರೆ. ಅಮೆಝಾನ್ ಕಂಪೆನಿ ಇಂಥ ಕೇಂದ್ರಗಳನ್ನು ಮುಂಬೈಯಲ್ಲಿ 2016ರಲ್ಲಿ, ಹೈದರಾಬಾದಿನಲ್ಲಿ 2022ರಲ್ಲಿ ಶುರು ಮಾಡಿತು. ಅಲ್ಲಿನ ಒಂದು ದೊಡ್ಡ ಕಂಪ್ಯೂಟರನ್ನು ಸಾಫ್ಟ್‌ವೇರಿನಿಂದಲೇ ಹತ್ತಾರು ಕಂಪ್ಯೂಟರುಗಳಾಗಿ ಪಾಲು ಮಾಡಬಹುದು. ದೊಡ್ಡ ತರವಾಡು ಮನೆಗೆ ಗೋಡೆ ಹಾಕಿ ಅಣ್ಣತಮ್ಮಂದಿರು ಬೇರೆ ಬೇರೆ ಅಡಿಗೆ ಮಾಡಿಕೊಂಡ ಹಾಗೆ. ಒಂದು ಅಡಿಗೆಮನೆಯಲ್ಲಿ ಪಾತ್ರೆ ಸೀದರೆ ಪಕ್ಕದವರ ಊಟಕ್ಕೆ ತೊಂದರೆ ಇಲ್ಲ. ಅಂಥ ಒಂದೊಂದು ಪಾಲಿಗೆ ವರ್ಚುವಲ್ ಮೆಷಿನ್ ಎನ್ನುತ್ತಾರೆ. ಲೆಕ್ಕ ಹಾಕುವ ಕೆಲಸವೆಲ್ಲ ಅಲ್ಲಿ, ನಮ್ಮ ಮೇಜಿನ ಮೇಲಿನದ್ದು ಪರದೆ ಮತ್ತು ಕೀಬೋರ್ಡ್ ಮಾತ್ರ. ಹಾಗಾಗಿ ಹಳೆ ಲ್ಯಾಪ್‌ಟಾಪ್ ಸಾಕು.

ಇದರಲ್ಲಿ ನಮಗೆ ಬಹಳ ಹಿಡಿಸಿದ್ದು ಇನ್ನೊಂದು. ಆ ಮೆಷಿನಿನ ಅಚ್ಚೊಂದನ್ನು ತೆಗೆದಿಡಬಹುದು. ಕಲಿಯುವ ಹುಡುಗಿ ಏನೋ ತಪ್ಪು ಆಜ್ಞೆ ಕೊಟ್ಟು ಇಡೀ ಮೆಷಿನ್ ಹಾಳು ಮಾಡಿದಳು ಅನ್ನಿ, ಅದನ್ನು ಅಳಿಸಿ ಅದೇ ಅಚ್ಚಿನಿಂದ ಹೊಸತೊಂದನ್ನು ಕೆಲವೇ ನಿಮಿಷದಲ್ಲಿ ಎಬ್ಬಿಸಬಹುದು. ಕಾಲೇಜಿನ ಲ್ಯಾಬಿನಲ್ಲಿ ಹಾಗಲ್ಲ. ಅಲ್ಲಿ ಗೋಡೆಯಲ್ಲೇ ‘ಸೆಟ್ಟಿಂಗ್ಸ್ ಮುಟ್ಟಬಾರದು’ ಎಂದು ಬರೆದಿರುತ್ತದಂತೆ. ಮುಟ್ಟದೆ ಕಲಿಯುವುದು ಹೇಗೆ?

ಇದು ನಿನ್ನೆ ಮೊನ್ನೆಯ ಸಂಗತಿಯೂ ಅಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ 2004ರಲ್ಲೇ ವರ್ಚುವಲ್ ಕಂಪ್ಯೂಟಿಂಗ್ ಲ್ಯಾಬ್ ಎಂಬುದನ್ನು ಶುರು ಮಾಡಿತು. ವಿದ್ಯಾರ್ಥಿ ತನ್ನ ಕೋಣೆಯಿಂದಲೇ ಬೇಕಾದ ಸಾಫ್ಟ್‌ವೇರ್ ಇರುವ ಕಂಪ್ಯೂಟರನ್ನು ಬೇಕಾದ ಹೊತ್ತಿಗೆ ಕಾಯ್ದಿರಿಸಿ ಬಳಸಬಹುದಿತ್ತು. ಆ ಸಾಫ್ಟ್‌ವೇರನ್ನು ಆಮೇಲೆ ಅಪಾಚೆ ಪ್ರತಿಷ್ಠಾನಕ್ಕೆ ಕೊಟ್ಟರು. ಈಗ ಯಾವ ಕಾಲೇಜೂ ಅದನ್ನು ದುಡ್ಡು ಕೊಡದೆ ಹಾಕಿಕೊಳ್ಳಬಹುದು.

ಅಷ್ಟು ದೂರ ಯಾಕೆ, ನಮ್ಮ ಸುರತ್ಕಲ್‌ಗೆ ಬನ್ನಿ. ಕೇಂದ್ರ ಶಿಕ್ಷಣ ಸಚಿವಾಲಯದ ಒಂದು ಯೋಜನೆ ಉಂಟು, ಹೆಸರು ವರ್ಚುವಲ್ ಲ್ಯಾಬ್ಸ್. 2009ರಲ್ಲಿ ಶುರುವಾದ ರಾಷ್ಟ್ರೀಯ ಐಸಿಟಿ ಶಿಕ್ಷಣ ಮಿಷನ್‌ನ ಅಡಿಯಲ್ಲಿ ಬಂದದ್ದು. ದಿಲ್ಲಿ ಐಐಟಿ ಮುಂದಾಳು. ಬೇರೆ ಐಐಟಿಗಳು, ಹೈದರಾಬಾದಿನ ಐಐಐಟಿ, ಅಮೃತ ವಿಶ್ವವಿದ್ಯಾಲಯ, ಇವುಗಳ ಸಾಲಿನಲ್ಲಿ ನಮ್ಮ ಸುರತ್ಕಲ್ ಎನ್‌ಐಟಿಕೆ ಕೂಡ ಉಂಟು. ನೂರಕ್ಕೂ ಹೆಚ್ಚು ಲ್ಯಾಬುಗಳು, ಅವುಗಳಲ್ಲಿ ಸುಮಾರು 700 ಪ್ರಯೋಗಗಳು. ಕಂಪ್ಯೂಟರ್ ಸೈನ್ಸ್, ಇಲೆಕ್ಟ್ರಾನಿಕ್ಸ್, ಸಿವಿಲ್, ಮೆಕ್ಯಾನಿಕಲ್, ಕೆಮಿಕಲ್, ಜೈವಿಕ ತಂತ್ರಜ್ಞಾನ ಎಲ್ಲ ಇವೆ. ದುಡ್ಡಿಲ್ಲ, ಬ್ರೌಸರ್ ಸಾಕು. ಕಾಲೇಜುಗಳು ಇದಕ್ಕೆ ನೋಡಲ್ ಕೇಂದ್ರವಾಗಿ ಸೇರಬಹುದು, ಸೇರಿದವರ ಉಪನ್ಯಾಸಕರಿಗೆ ಕಾರ್ಯಾಗಾರ ಮಾಡುತ್ತಾರೆ. ಎನ್‌ಐಟಿಕೆ ಗೇಟಿನ ಎದುರಿನ ಹೆದ್ದಾರಿಯಲ್ಲಿ ನಾವು ಎಷ್ಟು ಸಲ ಹಾದುಹೋಗಿಲ್ಲ! ಒಳಗೆ ಇಂಥದ್ದೊಂದು ನಡೆಯುತ್ತದೆ ಎಂದು ಒಬ್ಬ ತಂದೆಗಾದರೂ ಗೊತ್ತಿತ್ತಾ?

ಆದರೆ ಎರಡು ವಿಷಯವನ್ನು ಕಲಸಬಾರದು. ವರ್ಚುವಲ್ ಲ್ಯಾಬ್ಸ್‌ನಲ್ಲಿ ಹೆಚ್ಚಿನವು ಅನುಕರಣೆಯ ಪ್ರಯೋಗಗಳು, ಅಂದರೆ ಪರದೆಯ ಮೇಲೆ ಗುಂಡಿ ಒತ್ತಿದರೆ ಪ್ರಯೋಗ ಹೇಗೆ ನಡೆಯುತ್ತದೆ ಎಂದು ತೋರಿಸುವಂಥವು. ಪಾಠ ಗಟ್ಟಿಯಾಗಲು ಒಳ್ಳೆಯದು. ಕ್ಲೌಡಿನಲ್ಲಿ ನಿಜವಾದ ಲಿನಕ್ಸ್ ಮೆಷಿನ್ ತೆರೆದು ಅದರಲ್ಲಿ ಡಾಟಾಬೇಸ್ ಕಟ್ಟುವುದು ಬೇರೆ. ಕೆಲಸ ಕೊಡುವವರು ಕೇಳುವುದು ಎರಡನೆಯದನ್ನು.

ಆ ಎರಡನೆಯದಕ್ಕೂ ದಾರಿ ಇದೆ. ಗೂಗಲ್ ಕೋಲ್ಯಾಬ್ ಎಂಬುದಕ್ಕೆ ಜಿಮೈಲ್ ಖಾತೆ ಸಾಕು, ಪೈಥಾನ್ ಅಲ್ಲೇ ಬರೆದು ಅಲ್ಲೇ ಓಡಿಸಬಹುದು. ಗಿಟ್‌ಹಬ್‌ನ ಕೋಡ್‌ಸ್ಪೇಸಸ್ ತಿಂಗಳಿಗೆ ಇಷ್ಟು ಗಂಟೆ ಎಂದು ಉಚಿತವಾಗಿ ಪೂರ್ತಿ ಲಿನಕ್ಸ್ ಮೆಷಿನನ್ನೇ ಕೊಡುತ್ತದೆ. ಅಮೆಝಾನಿನ ಎಡಬ್ಲ್ಯುಎಸ್ ಎಜುಕೇಟ್‌ನಲ್ಲಿ ಕ್ರೆಡಿಟ್ ಕಾರ್ಡ್ ಕೇಳದೆ ಕ್ಲೌಡ್ ಕಲಿಸುತ್ತಾರೆ.

ಹುಡುಗಿ ಮೊದಲ ವಾರ ಕೋಲ್ಯಾಬಿನಲ್ಲಿ ಕೂತಳು. ಮೂರನೇ ದಿನ ಅಳುಮುಖ ಮಾಡಿ ಉಮ್ಮನ ಫೋನಿನಿಂದ ಕರೆ. ರಾತ್ರಿ ಮಳೆಗೆ ಕರೆಂಟ್ ಹೋಗಿ, ನೆಟ್ ಹೋಗಿ, ಬೆಳಿಗ್ಗೆ ನೋಡಿದರೆ ಅವಳು ಅಲ್ಲಿ ಹಾಕಿಟ್ಟ ಫೈಲುಗಳು ಇಲ್ಲ. ಬೆಂಗಳೂರಿನ ಹುಡುಗ ಹೇಳಿದ, ಕೋಲ್ಯಾಬಿನ ಮೆಷಿನ್ ತಾತ್ಕಾಲಿಕ, ಸಂಪರ್ಕ ಕಡಿದು ಸ್ವಲ್ಪ ಹೊತ್ತಾದರೆ ಅದನ್ನು ಹಿಂದೆ ತೆಗೆದುಕೊಳ್ಳುತ್ತಾರೆ. ಬರೆದ ಕೋಡ್ ಡ್ರೈವಿನಲ್ಲಿ ಉಳಿಯುತ್ತದೆ, ಮೆಷಿನಿನ ಒಳಗೆ ಹಾಕಿದ ಫೈಲು ಉಳಿಯುವುದಿಲ್ಲ. ಅದನ್ನೂ ಡ್ರೈವಿಗೆ ಸೇರಿಸಬೇಕು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇದನ್ನು ಮೊದಲ ಪಾಠವಾಗಿಯೇ ಹೇಳಿಕೊಡಬೇಕು.

ಇನ್ನೊಂದು ಎಚ್ಚರ ತಂದೆತಾಯಿಗೆ. ಕ್ಲೌಡ್ ಕಂಪೆನಿಗಳ ಸಾಮಾನ್ಯ ಖಾತೆ ತೆರೆಯುವಾಗ ಕಾರ್ಡ್ ನಂಬರ್ ಕೇಳುತ್ತಾರೆ. ಉಚಿತ ಎಂದು ಬರೆದಿರುತ್ತದೆ, ಅದಕ್ಕೊಂದು ಮಿತಿಯೂ ಇರುತ್ತದೆ. ಮೆಷಿನ್ ನಿಲ್ಲಿಸದೆ ಮಲಗಿದರೆ ನಲ್ಲಿ ತೆರೆದಿಟ್ಟು ಮದುವೆಗೆ ಹೋದ ಹಾಗೆ, ತಿಂಗಳ ಕೊನೆಗೆ ಬಿಲ್ ಬರುತ್ತದೆ. ಕಲಿಯುವ ಮಕ್ಕಳಿಗೆ ಕಾರ್ಡ್ ಬೇಡದ ದಾರಿಗಳೇ ಸಾಕು. ತಂದೆಯ ಕಾರ್ಡ್ ನಂಬರನ್ನು ವಾಟ್ಸ್‌ಆ್ಯಪಿನಲ್ಲಿ ತರಿಸಿಕೊಳ್ಳುವ ಕೆಲಸ ಯಾವ ಮನೆಯಲ್ಲೂ ಆಗಬಾರದು.

ಇಷ್ಟೆಲ್ಲ ಉಚಿತವಾಗಿ ಇದ್ದೂ ನಮ್ಮ ಮಕ್ಕಳಿಗೆ ಯಾಕೆ ಸಿಗುತ್ತಿಲ್ಲ? ಹುಡುಕಿದಾಗ ಸಿಕ್ಕಿದ ಕಾರಣ ಸಣ್ಣದು, ಕೇಳಿದರೆ ಬೇಸರ ಬರುತ್ತದೆ. ಮೈಕ್ರೊಸಾಫ್ಟ್ ಕಂಪೆನಿ ‘ಅಝೂರ್ ಫಾರ್ ಸ್ಟೂಡೆಂಟ್ಸ್’ ಎಂದು 100 ಡಾಲರಿನಷ್ಟು ಕ್ಲೌಡ್ ಬಳಕೆಯನ್ನು ಕಾರ್ಡ್ ಇಲ್ಲದೆ ಕೊಡುತ್ತದೆ. ಅದಕ್ಕೆ ಬೇಕಾದದ್ದು ಕಾಲೇಜು ಕೊಟ್ಟ ಇಮೈಲ್ ವಿಳಾಸ. ಈ ಹುಡುಗಿಯ ಕಾಲೇಜು ವಿದ್ಯಾರ್ಥಿಗಳಿಗೆ ಇಮೈಲ್ ಕೊಟ್ಟೇ ಇಲ್ಲ. ಅಮೆಝಾನಿನ ಎಡಬ್ಲ್ಯುಎಸ್ ಅಕಾಡೆಮಿ ಪಾಠಪಟ್ಟಿ, ಲ್ಯಾಬ್ ಎಲ್ಲ ಉಚಿತವಾಗಿ ಕೊಡುತ್ತದೆ, ಆದರೆ ಸೇರಬೇಕಾದದ್ದು ಕಾಲೇಜು. ಒಬ್ಬಳು ವಿದ್ಯಾರ್ಥಿನಿ ಒಬ್ಬಳೇ ಸೇರಲು ಬರುವುದಿಲ್ಲ. ಲ್ಯಾಬ್ ಕಟ್ಟಲು ಲಕ್ಷಗಟ್ಟಲೆ ಬೇಕು ಎಂದು ಆಡಳಿತ ಮಂಡಳಿ ಕೈ ಚೆಲ್ಲಿ ಕೂರುತ್ತದೆ, ಇಮೈಲ್ ವಿಳಾಸ ಮಾಡಿಕೊಡಲು ಯಾರಿಗೂ ಪುರುಸೊತ್ತಿಲ್ಲ. ಪೋಷಕರ ಸಭೆಗೆ ಹೋದಾಗ ಅಂಕ, ಹಾಜರಿ, ಫೀಸು ಇಷ್ಟೇ ಕೇಳಿ ಬರುತ್ತೇವಲ್ಲ, ಮುಂದಿನ ಸಲ ಈ ಮೂರನ್ನೂ ಕೇಳಿ: ಮಕ್ಕಳಿಗೆ ಕಾಲೇಜಿನ ಇಮೈಲ್ ಉಂಟಾ? ಎನ್‌ಐಟಿಕೆಯ ವರ್ಚುವಲ್ ಲ್ಯಾಬ್ಸ್‌ಗೆ ಸೇರಿದ್ದೀರಾ? ಮನೆಯಲ್ಲಿ ಮಾಡಿದ ಲ್ಯಾಬನ್ನು ಅಂಕಕ್ಕೆ ಹಿಡಿಯುತ್ತೀರಾ?

ಕಾಲೇಜಿಗೆ ಬೈದು ಮುಗಿಸಿದರೆ ಆಗಲಿಲ್ಲ, ನಮ್ಮ ಮನೆಯನ್ನೂ ನೋಡಬೇಕು. ಲ್ಯಾಬ್ ಮನೆಗೆ ಬಂದ ಮೇಲೆ ಅದಕ್ಕೆ ಒಂದು ಮೂಲೆ, ಒಂದು ಹೊತ್ತು ಬೇಡವೇ? ಗಂಡುಮಗ ಫೋನ್ ಹಿಡಿದು ಕೂತರೆ ಓದುತ್ತಿದ್ದಾನೆ ಎನ್ನುತ್ತೇವೆ. ಹೆಣ್ಣುಮಗಳು ಲ್ಯಾಪ್‌ಟಾಪ್ ಎದುರು ಕೂತರೆ ಹತ್ತು ನಿಮಿಷಕ್ಕೊಮ್ಮೆ ಅಡಿಗೆಮನೆಯಿಂದ ಕರೆ. ಅಕ್ಕಿರೊಟ್ಟಿ ಹಂಚಿನ ಮೇಲಿದ್ದಾಗ ಯಾರೂ ಬಿಟ್ಟು ಏಳುವುದಿಲ್ಲ. ಅವಳ ಕೈಯಲ್ಲಿರುವ ಕೆಲಸವೂ ಹಾಗೆಯೇ, ನಡುವೆ ಎದ್ದರೆ ಮತ್ತೆ ಮೊದಲಿನಿಂದ. ಇದನ್ನು ಆ ಉಮ್ಮನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಗ್ರಿಬ್‌ನಿಂದ ಇಶಾವರೆಗೆ ಯಾರೂ ಕರೆಯುವುದಿಲ್ಲ, ಆಗಬಹುದಾ?” ಎಂದರು. ರಾತ್ರಿ ಊಟದ ನಂತರ ಇನ್ನೂ ಒಂದು ಗಂಟೆ ಸೇರಿಸಿಕೊಳ್ಳಿ ಎಂದು ನಾವೇ ಚೌಕಾಶಿ ಮಾಡಿದೆವು.

ಬಳೆ ಅಡವಿಗೆ ಹೋಗಲಿಲ್ಲ. ಹಳೆ ಲ್ಯಾಪ್‌ಟಾಪಿಗೆ ಮಂಗಳೂರಿನಲ್ಲಿ ರ‍್ಯಾಮ್ ಸ್ವಲ್ಪ ಹೆಚ್ಚಿಸಿ, ಬ್ಯಾಟರಿ ಬದಲಿಸಿ ತಂದರು. ಕ್ಯಾಮೆರಾ ಕೆಲಸ, ವೀಡಿಯೊ ಎಡಿಟಿಂಗ್, ಅಂಥ ಕೋರ್ಸ್ ಮಾಡುವವರಿಗೆ ಒಳ್ಳೆ ಯಂತ್ರ ಬೇಕಾಗಬಹುದು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಇವಳಿಗೆ ಬೇಕಾಗಲಿಲ್ಲ.

ನವೆಂಬರಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಆಯಿತು. ಅದು ನಡೆದದ್ದು ಅದೇ ಕಾಲೇಜಿನ ಅದೇ ಲ್ಯಾಬಿನಲ್ಲಿ, ನೆಟ್ ಇಲ್ಲದ ಕಂಪ್ಯೂಟರಿನಲ್ಲಿ. ಇವಳ ಪಾಲಿಗೆ ಬಂದ ಯಂತ್ರ ನಡುವೆ ಎರಡು ಸಲ ನಿಂತಿತಂತೆ. ಆದರೂ ಹೊತ್ತಿಗೆ ಮೊದಲೇ ಮುಗಿಸಿ, ಪಕ್ಕದ ಹುಡುಗಿಯ ಯಂತ್ರ ಯಾಕೆ ನಿಂತಿತೆಂದೂ ಲ್ಯಾಬ್ ಸಹಾಯಕರಿಗೆ ತೋರಿಸಿಕೊಟ್ಟು ಬಂದಳಂತೆ. ಇಮೈಲ್ ವಿಳಾಸದ ಬಗ್ಗೆ ಅವಳ ಉಮ್ಮ ಪೋಷಕರ ಸಭೆಯಲ್ಲಿ ಎದ್ದು ನಿಂತು ಕೇಳಿದ್ದಾರೆ. ಮುಂದಿನ ಸೆಮಿಸ್ಟರಿಗೆ ನೋಡುವ ಎಂದಿದ್ದಾರಂತೆ ಪ್ರಾಂಶುಪಾಲರು. ಆ ಸೆಮಿಸ್ಟರ್ ಫೆಬ್ರವರಿಯಲ್ಲಿ ಶುರು.