ಬೆನ್ನಿಗೆ ಬೀಳುವ ಭಾರದ ಲೆಕ್ಕ

ಸುಗ್ಗಿಯ ದಿನಗಳಲ್ಲಿ ಸಂಘದ ಕಚೇರಿಗೆ ಬರುವ ಸದಸ್ಯ ಬಾಂಧವರಲ್ಲಿ ಅನೇಕರು ಸೊಂಟದ ಮೇಲೆ ಕೈಯಿಟ್ಟುಕೊಂಡೇ ಕುರ್ಚಿಯಲ್ಲಿ ಕೂರುವುದನ್ನು ನಾವು ಕಾಣುತ್ತಿದ್ದೇವೆ. ಕೇಳಿದರೆ "ಏನೋ ವಾಯು ಹಿಡ್ಕಂಡದ" ಎಂಬ ಉತ್ತರ. ಉಮ್ಮತ್ತೂರಿನ ಬಯಲಿನ ಅಡಿಕೆಯಾಗಲಿ, ಬಿಳಿಗಿರಿರಂಗನ ಬೆಟ್ಟದ ಕಾಫಿಯಾಗಲಿ, ಎರಡೆಕರೆಯ ಬೆಳೆಗಾರನ ಸೊಂಟ ಕೆಟ್ಟರೆ ಅವನ ಸುಗ್ಗಿಯೇ ಕೆಟ್ಟಂತೆ. ಆದ್ದರಿಂದ ದೋಷವನ್ನು ವಾಯುವಿನ ಮೇಲೆ ಹಾಕುವ ಮೊದಲು ಒಂದು ಲೆಕ್ಕ ನೋಡೋಣ.

ಸೊಂಟದ ಭಾಗದಲ್ಲಿ ಬೆನ್ನುಮೂಳೆಯ 5 ಮಣಿಗಳಿವೆ, ಕುತ್ತಿಗೆಯಲ್ಲಿ 7. ಮಣಿಗಳ ನಡುವೆ ಮೆತ್ತೆಯಂತಹ ಬಿಲ್ಲೆಗಳು. ಇವನ್ನು ಹಿಂದಿನಿಂದ ಎಳೆದು ನಿಲ್ಲಿಸುವ ಸ್ನಾಯುಗಳು ಬಿಲ್ಲೆಯ ನಡುವಿನಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಷ್ಟೇ ಇವೆ. 20 ಕಿಲೋ ಹಣ್ಣಿನ ಬುಟ್ಟಿಯನ್ನು ಬೆನ್ನುಮೂಳೆಯಿಂದ 50 ಸೆಂಟಿಮೀಟರ್ ಮುಂದಕ್ಕೆ ಕೈಚಾಚಿ ಎತ್ತಿದರೆ ಆ ಸ್ನಾಯುಗಳು ಹತ್ತು ಪಟ್ಟು, ಅಂದರೆ 200 ಕಿಲೋ ಭಾರದಷ್ಟು ಬಲವಾಗಿ ಎಳೆಯಬೇಕು. ಅದೇ ಬುಟ್ಟಿಯನ್ನು ಮಂಡಿ ಮಡಿಸಿ, ಮೈಗೆ ಅವಚಿ 25 ಸೆಂಟಿಮೀಟರಿಗೆ ತಂದರೆ 100 ಕಿಲೋ ಸಾಕು. ಬಾಗಿದ ಮೈಯ ಸ್ವಂತ ಭಾರ ಬೇರೆ. ಏತ ಹೊಡೆದ ಹಿರಿಯರಿಗೆ ಈ ಲೆಕ್ಕವನ್ನು ನಾವು ಹೇಳಿಕೊಡಬೇಕಾಗಿಲ್ಲ. ಚೀಲ ಹಿಡಿದುಕೊಂಡೇ ಸೊಂಟ ತಿರುಚಿ ಟೆಂಪೋಗೆ ಎಸೆಯುವುದು ಇನ್ನೂ ಅಪಾಯ. ಪಾದ ತಿರುಗಿಸಿ, ಆಮೇಲೆ ಇಳಿಸತಕ್ಕದ್ದು.

ವಯಸ್ಕ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿಯೇ ಶಿಫಾರಸು ಮಾಡಿತು. ಅದು ಅತಿ ಹೆಚ್ಚಿನ ಮಿತಿ, ದಿನವಿಡೀ ಹೊರಬಹುದಾದ ಅಳತೆಯಲ್ಲ. ಯೂರಿಯಾ ಚೀಲ 2018ರಲ್ಲಿ 50ರಿಂದ 45 ಕಿಲೋಗೆ ಇಳಿಯಿತು. ಅದು ನಮ್ಮ ಬೆನ್ನಿನ ಮೇಲಿನ ಕರುಣೆಯಿಂದಲ್ಲ, ಯೂರಿಯಾ ಬಳಕೆ ತಗ್ಗಲೆಂದು. ನಾವೋ ಕಾಫಿ ಚೀಲವನ್ನು ಬಾಯಿ ಹೊಲಿಯಲಾಗದಷ್ಟು ತುಂಬುತ್ತೇವೆ. ಕಣದಿಂದ ಮನೆಗೆ ಸಾಗಿಸಲು ಅರೆಚೀಲ ಸಾಲದೇ? ಒಂದು ಸುತ್ತು ಹೆಚ್ಚಾದೀತು, ಅಷ್ಟೇ.

ಕುತ್ತಿಗೆಯ ಕಥೆ ಬೇರೆ. ಅಲ್ಲಿ ಭಾರಕ್ಕಿಂತ ಹೊತ್ತು ಮುಖ್ಯ. ದೋಟಿ ಹಿಡಿದು ಗಂಟೆಗಟ್ಟಲೆ ಮೇಲೆ ನೋಡುತ್ತ ಗೊನೆ ಕೊಯ್ಯುವವರು, ತಲೆ ಬಗ್ಗಿಸಿ ಅಡಿಕೆ ಸುಲಿಯುವ ಹೆಣ್ಣುಮಕ್ಕಳು, ರಾತ್ರಿ ಮೊಬೈಲಿನಲ್ಲಿ ಅಡಿಕೆ ಧಾರಣೆ ನೋಡುವ ನಮ್ಮಂಥವರು, ಎಲ್ಲರದೂ ಒಂದೇ ಪಾಡು. ಅರ್ಧ ಗಂಟೆಗೊಮ್ಮೆ ಕೆಲಸ ಬದಲಿಸಿ. ಕೊಯ್ಯುವವನು ಸ್ವಲ್ಪ ಹೊತ್ತು ಆಯಲಿ, ಆಯುವವನು ಕೊಯ್ಯಲಿ.

ಸಾಮಾನ್ಯ ಸೊಂಟನೋವು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ತಗ್ಗುತ್ತದೆ. ಹಾಸಿಗೆ ಹಿಡಿಯುವುದು ಬೇಡ, ಆದಷ್ಟು ಓಡಾಡಿಕೊಂಡಿರಿ. ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡವೂ ಕೆಡಬಹುದು.

ಆದರೆ ನೋವು ಕಾಲಿಗೆ ಇಳಿದು ಪಾದ ಎತ್ತಲಾಗದಿದ್ದರೆ, ಕೈಯ ಹಿಡಿತ ಸಡಿಲವಾದರೆ, ತೊಡೆಸಂದು ಜೋಮು ಹಿಡಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ತೈಲ ತಿಕ್ಕಿಸುತ್ತ ಕೂರಬೇಡಿ. ಅಂದೇ ಯಡಪುರದ ಬೋಧನಾ ಆಸ್ಪತ್ರೆಯಂತಹ ದೊಡ್ಡ ಆಸ್ಪತ್ರೆಗೆ ಹೋಗಿ. ಜ್ವರ, ತೂಕ ಇಳಿಕೆಯೊಡನೆ ಬಹುಕಾಲದ ಬೆನ್ನುನೋವಿದ್ದರೆ ಕ್ಷಯವೂ ಇರಬಹುದು, ಪರೀಕ್ಷೆ ಮಾಡಿಸಿ. ಮರದಿಂದ ಬಿದ್ದವನನ್ನು ಕೈಕಾಲು ಹಿಡಿದು ಎತ್ತಬೇಡಿ, ಕೂರಿಸಿ ನೀರು ಕುಡಿಸಬೇಡಿ. ತಲೆ, ಕುತ್ತಿಗೆ ಅಲುಗದಂತೆ ಹಿಡಿದು 108ಕ್ಕೆ ಕರೆ ಮಾಡಿ.