ತಂಬೂರಿಯನ್ನು ಕೊಳ್ಳುವ ಮೊದಲು

ಮನೆಯ ಮಕ್ಕಳಿಗೆ ಸಂಗೀತವನ್ನು ಕಲಿಸಬೇಕೆಂಬ ಹಂಬಲವು ಹಳ್ಳಿಗಳಲ್ಲಿಯೂ ಕಾಣಬರುತ್ತಿರುವುದು ಸಂತೋಷದ ಸಂಗತಿ. ಸಿದ್ದಾಪುರದ ನಮ್ಮ ನೆರೆಯ ಗೌಡರೊಬ್ಬರು ಮಗಳಿಗೆ ತಂಬೂರಿಯನ್ನು ಕೊಡಿಸಲು ಮಿರಜಿಗೆ ಹೊರಟಾಗ ನಮ್ಮನ್ನೂ ಜೊತೆಗೆ ಕರೆದೊಯ್ದರು. ಒಂದು ಭತ್ತದ ಬೆಳೆಯ ಉಳಿತಾಯವನ್ನೆಲ್ಲ ಅವರು ಇದಕ್ಕಾಗಿ ತೆಗೆದಿರಿಸಿದ್ದರು. ಅಲ್ಲಿ ಕಂಡು ಕೇಳಿ ತಿಳಿದುದನ್ನು ವಾಚಕರ ಮುಂದಿಡುತ್ತೇವೆ.

ಮಿರಜಿನಲ್ಲಿ ತಂತಿವಾದ್ಯಗಳ ಕಸುಬು ಹತ್ತೊಂಬತ್ತನೆಯ ಶತಮಾನದಿಂದ ವಂಶಪಾರಂಪರ್ಯವಾಗಿ ನಡೆದುಬಂದಿದೆ. ಕುಂದಗೋಳದ ಸವಾಯಿ ಗಂಧರ್ವರ ಗುರುಗಳೂ 1937ರಲ್ಲಿ ದಿವಂಗತರಾದವರೂ ಆದ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರು ಇದು. 2024ರಲ್ಲಿ ಇಲ್ಲಿಯ ಸಿತಾರಿಗೂ ತಂಬೂರಿಗೂ ಭೌಗೋಳಿಕ ಗುರುತಿನ ಮನ್ನಣೆಯು ದೊರೆಯಿತು. ಆದರೆ ಊರಿನ ಹೆಸರು ದೊಡ್ಡದೆಂದು ವಾದ್ಯವನ್ನು ಪರೀಕ್ಷಿಸದೆ ಕೊಳ್ಳಲಾಗದು.

ಮೊದಲು ಬುರುಡೆಯನ್ನು ನೋಡತಕ್ಕದ್ದು. ಇದು ಪಂಢರಪುರದ ಸುತ್ತಿನ ಸೀಮೆಯಲ್ಲಿ ಬೆಳೆದು ಒಣಗಿಸಿದ ಕಾಯಿ. ಬೆರಳಿನ ಗೆಣ್ಣಿನಿಂದ ಮೆಲ್ಲನೆ ತಟ್ಟಬೇಕು; ಒಂದೆಡೆ ಸದ್ದು ಮಂಕಾದರೆ ಅಲ್ಲಿ ಬಿರುಕನ್ನು ಮುಚ್ಚಿರಬಹುದು. ಸೂಜಿಮೊನೆಯಷ್ಟು ತೂತುಗಳಿದ್ದರೆ ಹುಳು ಹೊಕ್ಕಿರುವ ಶಂಕೆಯುಂಟು. ದಂಡಿಯು ನೇರವಾಗಿರಬೇಕು, ಬಿರಡೆಗಳು ಜಾರದೆ ನಿಲ್ಲಬೇಕು. ಕೆತ್ತನೆಯೂ ಬಣ್ಣವೂ ಕಣ್ಣಿಗೆ ಹಬ್ಬವೇ ಸರಿ. ಬೆಲೆಯನ್ನು ಏರಿಸುತ್ತವೆಯಲ್ಲದೆ ನಾದವನ್ನು ಹೆಚ್ಚಿಸುವುದಿಲ್ಲ.

ತಂಬೂರಿಯ ಪ್ರಾಣವಿರುವುದು ಕುದುರೆಯಲ್ಲಿ. ಅದರ ಮೇಲ್ಮೈಯನ್ನು ಕುಶಲಿಯು ತುಸುವೇ ಇಳಿಜಾರಾಗಿ ಉಜ್ಜಿರುತ್ತಾನೆ. ಅಲ್ಲಿ ತಂತಿಯ ಕೆಳಗೆ ಜೀವಾಳದ ನೂಲೆಳೆಯನ್ನು ಸರಿಯಾದ ಎಡೆಯಲ್ಲಿ ನಿಲ್ಲಿಸಿದರೆ ನಾದವು ಅರಳಿ ಬಹಳ ಹೊತ್ತು ಉಳಿಯುತ್ತದೆ. ಕೊನೆಯ ಖರ್ಜದ ತಂತಿಯೊಂದನ್ನೇ ಮೀಟಿ ಸುಮ್ಮನೆ ಕೇಳಿರಿ. ಒಳ್ಳೆಯ ತಂಬೂರಿಯಾದರೆ, ಷಡ್ಜದ ಒಡಲಿನಿಂದ ಯಾರೂ ಮೀಟದ ಗಾಂಧಾರವು ತಾನಾಗಿ ಏಳುತ್ತದೆ. ತಂತಿಯು ಇಡಿಯಾಗಿ ಕಂಪಿಸುವುದರೊಡನೆ ಭಾಗಭಾಗವಾಗಿಯೂ ಕಂಪಿಸುವುದೇ ಇದಕ್ಕೆ ಕಾರಣ. ಐದನೆಯ ಪಾಲಿನ ಕಂಪನದಿಂದ ಹುಟ್ಟುವ ಸ್ವರವೇ ಗಾಂಧಾರ.

ಗೌಡರು ಮೆಚ್ಚಿದ ದೊಡ್ಡ ತಂಬೂರಿಯು ಈ ಪರೀಕ್ಷೆಗಳೆಲ್ಲದರಲ್ಲಿಯೂ ಗೆದ್ದಿತು. ಅವರು ಹಣದ ಚೀಲಕ್ಕೆ ಕೈಹಾಕಿದರು. ಅಷ್ಟರಲ್ಲಿ ಹುಡುಗಿಯು ಅದರೊಡನೆ ಹಾಡತೊಡಗಿದಳು. ಮಂದ್ರದಲ್ಲಿ ದನಿಯು ತಳಕಾಣದೆ ಅಡಗಿಹೋಯಿತು. ಅದು ಗಂಡಸರ ಶ್ರುತಿಗೆ ಮಾಡಿದ ವಾದ್ಯ.

“ತಂತಿಯನ್ನು ಬಿಗಿಮಾಡಿದರಾಯಿತು. ಹೇಗೂ ಆಕೆ ಬೆಳೆಯುವವಳು, ಮುಂದಕ್ಕೆ ಬಂದೀತು” ಎಂದರು ಗೌಡರು.

“ಬೆಳೆಯುವ ಮಗುವಿಗೆ ದೊಡ್ಡ ಅಂಗಿಯನ್ನು ಹೊಲಿಸಿದಂತಲ್ಲ ಗೌಡರೇ” ಎಂದೆವು. “ಮಗಳ ಕಂಠವು ಬೆಳೆದು ಗಂಡಸಿನ ಕಂಠವಾಗದು. ಮಿತಿಮೀರಿ ಬಿಗಿದರೆ ತಂತಿ ಹರಿದೀತು. ಬಿಗಿಯದೆ ಬಿಟ್ಟರೆ ಕೂಸಿನ ಗಂಟಲು ಕೆಟ್ಟೀತು.”

ಗೌಡರು ಮಗಳ ಮುಖವನ್ನು ನೋಡಿ ಚೀಲವನ್ನು ಕೆಳಗಿಟ್ಟರು. ಮೂಲೆಯಲ್ಲಿದ್ದ, ಕೆತ್ತನೆಯಿಲ್ಲದ ಸಣ್ಣ ತಂಬೂರಿಯನ್ನು ಇಳಿಸಿ ಹೆಂಗಸರ ಶ್ರುತಿಗೆ ಕೂಡಿಸಿದರು. ಹುಡುಗಿಯು ಷಡ್ಜವನ್ನು ಹಿಡಿದಾಗ ಯಾವುದು ತಂತಿ, ಯಾವುದು ಕಂಠವೆಂದು ಕ್ಷಣಕಾಲ ತಿಳಿಯದಾಯಿತು. ಅದರ ಬೆಲೆಯೂ ಕಡಿಮೆ.

ಕೊಂಡ ಮೇಲಿನ ಜೋಪಾನವೂ ಮುಖ್ಯ. ನಮ್ಮ ಸೀಮೆಯ ಬೇಸಗೆಯ ಬಿಸಿಲಿಗೂ ಕಾಲುವೆಯ ಗದ್ದೆಗಳ ತೇವಕ್ಕೂ ವಾದ್ಯವನ್ನು ಒಡ್ಡಬಾರದು; ಅರಿವೆಯ ಗವಸಣಿಗೆಯಲ್ಲಿಡಬೇಕು. ಕುದುರೆಯು ಸವೆದಾಗ ಬಲ್ಲವರಿಂದಲೇ ಉಜ್ಜಿಸಬೇಕು.

ಮಕ್ಕಳಿಗಾಗಿ ವಾದ್ಯವನ್ನು ಕೊಳ್ಳುವ ಗೃಹಸ್ಥರು ಮಕ್ಕಳನ್ನು ಜೊತೆಗೇ ಕರೆದೊಯ್ಯಲಿ. ವಾದ್ಯದ ಗುಣವನ್ನು ನಾವು ಪರೀಕ್ಷಿಸಬಹುದು. ಅದು ತನ್ನದೇ ಅಹುದೋ ಅಲ್ಲವೋ ಎಂಬುದನ್ನು ಹಾಡುವ ಕಂಠವೇ ಹೇಳಬೇಕು.